ಲೆಕ್ಕ ಬಿಚ್ಚಿಸುವ ಹಕ್ಕು: ತೆಂಗಿನ ಸೀಮೆಯ ಅಡಮಾನ ಸಾಲಗಳ ಚರಿತ್ರೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಜಮೀನಿನ ಮೇಲೆ ಸಾಲ ಹುಟ್ಟಿ ಬೆಳೆದ ಬಗೆಯನ್ನು ತಿಳಿಯಬೇಕಾದರೆ ಆ ಸೀಮೆಯ ಬೆಳೆಗೆ ಹಿಡಿಯುವ ಕಾಲವನ್ನು ಮೊದಲು ತಿಳಿಯಬೇಕಾಗುತ್ತದೆ. ನೆಟ್ಟ ತೆಂಗಿನ ಸಸಿ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಸುಮಾರು ಒಂದು ವರ್ಷ. ಬಲಿತ ಕಾಯಿಯನ್ನು ಎಳನೀರಿಗೋ ಎಣ್ಣೆಗೋ ಮಾರದೆ ಉಂಡೆ ಕೊಬ್ಬರಿ ಮಾಡುವುದು ಈ ಸೀಮೆಯ ವೈಶಿಷ್ಟ್ಯವಾದ್ದರಿಂದ, ಸಿಪ್ಪೆಸಹಿತವಾಗಿ ಅದು ಅಟ್ಟದ ಮೇಲೆ ಮತ್ತೆ ಎಂಟರಿಂದ ಹನ್ನೆರಡು ತಿಂಗಳು ಕಳೆಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದರೆ ಗುಡುಗುಟ್ಟುವ ಹಂತ ಬಂದ ಮೇಲಷ್ಟೇ ಕಾಯಿ ಸುಲಿದು, ಚಿಪ್ಪು ಒಡೆದು, ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಸಾಗಿಸಲಾಗುತ್ತದೆ. ಹೀಗೆ ತೋಟಕ್ಕೆ ಹಾಕಿದ ಹಣ ಕೈಗೆ ಮರಳುವುದು ವರ್ಷಗಳ ಲೆಕ್ಕದಲ್ಲಿ. ಆದರೆ ಸಾಲಕ್ಕೆ ಬಡ್ಡಿ ಬೆಳೆಯುವುದು ತಿಂಗಳ ಲೆಕ್ಕದಲ್ಲಿ. ಈ ಎರಡು ಕಾಲಗಳ ನಡುವಿನ ಅಂತರದಲ್ಲಿಯೇ ಅನೇಕ ತೋಟಗಳು ಕೈಬದಲಾದವು, ಮತ್ತು ಸಾಲ ಕೊಟ್ಟವನನ್ನು ಲೆಕ್ಕಕ್ಕೆ ನಿಲ್ಲಿಸುವ ಪ್ರಯತ್ನಗಳೂ ಇದೇ ಅಂತರದ ಸುತ್ತಲೇ ನಡೆದವು.

ಅಡಮಾನವೆಂದರೆ ಸಾಲದ ಭದ್ರತೆಗಾಗಿ ಸ್ಥಿರಾಸ್ತಿಯಲ್ಲಿನ ಒಂದು ಹಕ್ಕನ್ನು ಸಾಲ ಕೊಟ್ಟವನಿಗೆ ವಹಿಸಿಕೊಡುವುದು. ಅದರಲ್ಲಿ ಮೂರು ಬಗೆಗಳು ಹಳ್ಳಿಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದವು. ಜಮೀನು ಸಾಲಗಾರನ ಸ್ವಾಧೀನದಲ್ಲಿಯೇ ಉಳಿದು, ಸಾಲ ತೀರದಿದ್ದರೆ ಹರಾಜಿಗೆ ಒಳಗಾಗುವಂಥದು ಆಧಾರ. ಜಮೀನನ್ನೇ ಬಿಟ್ಟುಕೊಟ್ಟು, ಅದರ ಫಲವನ್ನು ಬಡ್ಡಿಗೆ ವಜಾ ಮಾಡಿಕೊಳ್ಳಲು ಒಪ್ಪುವಂಥದು ಭೋಗ್ಯ. ಮೇಲ್ನೋಟಕ್ಕೆ ಕ್ರಯವೇ ಆಗಿದ್ದು, ಗೊತ್ತುಪಡಿಸಿದ ಅವಧಿಯೊಳಗೆ ಹಣ ಕಟ್ಟಿದರೆ ಜಮೀನು ಹಿಂತಿರುಗುತ್ತದೆಂಬ ಕರಾರಿನಿಂದ ಕೂಡಿರುವಂಥದು ಷರತ್ತಿನ ಕ್ರಯ. ಈ ಮೂರರಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಮೂರನೆಯದು, ಏಕೆಂದರೆ ಹಿಂತಿರುಗಿಸುವ ಮಾತು ಬಾಯಿಮಾತಾಗಿಯೇ ಉಳಿದು ಪತ್ರದಲ್ಲಿ ಕೇವಲ ಕ್ರಯ ದಾಖಲಾಗಿದ್ದರೆ, ಸಾಲ ತೀರಿಸಲು ಬಂದವನ ಕೈಯಲ್ಲಿ ಅದು ಸಾಲವೆಂದು ಸಾಧಿಸುವ ಯಾವ ಕಾಗದವೂ ಇರುತ್ತಿರಲಿಲ್ಲ. ಬಡ್ಡಿಯ ಮೊತ್ತ ಅಸಲಿನ ಮೊತ್ತವನ್ನು ಮೀರಕೂಡದೆಂಬ ದಾಮದುಪ್ಪಟ್ಟು ಎಂಬ ಪ್ರಾಚೀನ ನಿಯಮ ಧರ್ಮಶಾಸ್ತ್ರಗಳಲ್ಲಿತ್ತು. ಆದರೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಂಡರೆ ಹಳೆಯ ಬಡ್ಡಿಯೇ ಹೊಸ ಅಸಲಾಗುತ್ತಿದ್ದುದರಿಂದ, ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತೋ ಅವರ ಮುಂದೆ ಆ ನಿಯಮ ನಿರ್ಬಲವಾಗಿತ್ತು.

ಆ ಪುಸ್ತಕವನ್ನು ಬಿಚ್ಚಿಸುವ ಕಾನೂನು ಮೈಸೂರಿಗೆ ಬಂದದ್ದು ದಖ್ಖನ್ನಿನ ದಾರಿಯಿಂದ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪಾ ಎಂಬ ಊರಿನಲ್ಲಿ ಆರಂಭವಾಗಿ ಸುತ್ತಣ ಹಳ್ಳಿಗಳಿಗೆ ಹಬ್ಬಿದ ರೈತರ ದಂಗೆಯಲ್ಲಿ ಜನ ಮುಖ್ಯವಾಗಿ ಹುಡುಕಿದ್ದು ಮತ್ತು ಸುಟ್ಟದ್ದು ಸಾಹುಕಾರರ ಸಾಲಪತ್ರಗಳನ್ನು. ಅದರ ವಿಚಾರಣೆಯ ಫಲವಾಗಿ 1879ರಲ್ಲಿ ಹೊರಬಂದ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯು, ಪತ್ರದಲ್ಲಿ ಏನೇ ಬರೆದಿರಲಿ, ನ್ಯಾಯಾಲಯವು ಸಾಲದ ವ್ಯವಹಾರವನ್ನು ಅದರ ಮೊದಲ ದಿನದಿಂದ ಪರಿಶೀಲಿಸಿ, ಅಸಲು ಮತ್ತು ಬಡ್ಡಿಗಳನ್ನು ಬೇರ್ಪಡಿಸಿ, ನಿಜವಾಗಿ ಸಲ್ಲಬೇಕಾದದ್ದೆಷ್ಟೆಂದು ತೀರ್ಮಾನಿಸುವ ಅಧಿಕಾರವನ್ನು ನೀಡಿತು. ಕ್ರಯವೆಂದು ಕಾಣುವ ಪತ್ರ ವಾಸ್ತವದಲ್ಲಿ ಅಡಮಾನವೇ ಎಂದು ನೋಡುವ ಅವಕಾಶವೂ, ಸಾಲಗಾರನೇ ಮುಂದಾಗಿ ಲೆಕ್ಕ ಕೊಡಿಸಿರೆಂದು ದಾವೆ ಹೂಡುವ ಹಕ್ಕೂ ಅದರಡಿ ಕ್ರಮೇಣ ನೆಲೆಗೊಂಡವು. ಸುಮಾರು ಅರ್ಧ ಶತಮಾನದ ಬಳಿಕ, 1928ರಲ್ಲಿ, ಮೈಸೂರು ಸಂಸ್ಥಾನವು ಅದೇ ಮಾದರಿಯಲ್ಲಿ ತನ್ನದೇ ಆದ ಕೃಷಿಕರ ಪರಿಹಾರ ಕಾನೂನನ್ನು ತಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲವದು. ತುಮಕೂರು ಜಿಲ್ಲೆಯ ರೈತನ ಪಾಲಿಗೆ, ಸಾಹುಕಾರನ ಬಹಿ ನ್ಯಾಯಾಧೀಶರ ಮೇಜಿನ ಮೇಲೆ ಬರುವ ಸಾಧ್ಯತೆಯನ್ನು ಈ ಕಾನೂನು ತೆರೆಯಿತು.

ಇದರ ಮರುವರ್ಷವೇ ಇನ್ನೊಂದು ವ್ಯವಸ್ಥೆ ಬಂತು, ಮತ್ತು ಅದು ಹೊರಟದ್ದು ವಿರುದ್ಧ ದಿಕ್ಕಿಗೆ. ಸಾಹುಕಾರನಿಗೆ ಬದಲಾಗಿ ಒಂದು ಸಂಸ್ಥೆಯನ್ನು ನಿಲ್ಲಿಸಬೇಕೆಂಬ ವಿಚಾರ ಮೈಸೂರಿಗೆ ಹೊಸದಾಗಿರಲಿಲ್ಲ. ಕೆ. ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ, 1894ರಲ್ಲಿ, ಸರ್ಕಾರದ ಬಂಡವಾಳ ಮತ್ತು ಸದಸ್ಯರ ಪರಸ್ಪರ ಹೊಣೆಯ ಮೇಲೆ ಕೃಷಿ ಬ್ಯಾಂಕುಗಳನ್ನು ಸ್ಥಾಪಿಸುವ ಪ್ರಯೋಗ ನಡೆದು, ಕೊಟ್ಟ ಹಣ ಹಿಂತಿರುಗದೆ ಅದು ಕುಸಿದಿತ್ತು. 1905ರ ಸಹಕಾರ ಸಂಘಗಳ ಕಾನೂನು ಆ ಜಾಗವನ್ನು ತುಂಬಿತಾದರೂ ಸಹಕಾರ ಸಂಘಗಳು ಕೊಡುತ್ತಿದ್ದುದು ಅಲ್ಪಾವಧಿಯ ಸಾಲ, ಅದರಿಂದ ತೆಂಗಿನ ತೋಟ ಎಬ್ಬಿಸುವುದಾಗಲಿ ಹಳೆಯ ಅಡಮಾನ ಬಿಡಿಸಿಕೊಳ್ಳುವುದಾಗಲಿ ಆಗುವಂತಿರಲಿಲ್ಲ. ಈ ಕೊರತೆಯನ್ನು ನೀಗಲೆಂದು 1929ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಸಹಕಾರಿ ಭೂ ಅಡಮಾನ ಬ್ಯಾಂಕು ಸ್ಥಾಪಿತವಾಯಿತು. ಅದರ ಕೆಳಗೆ ತಾಲ್ಲೂಕುಗಳಲ್ಲಿ ಪ್ರಾಥಮಿಕ ಭೂ ಅಡಮಾನ ಬ್ಯಾಂಕುಗಳು ಒಂದೊಂದಾಗಿ ಹುಟ್ಟಿಕೊಂಡವು. ಇಂದು ತೆಂಗಿನ ಸೀಮೆಯ ಜನ ಪಿಎಲ್‌ಡಿ ಬ್ಯಾಂಕ್ ಎಂದು ಕರೆಯುವುದು ಈ ಸಂಸ್ಥೆಗಳ ಮುಂದಿನ ರೂಪವನ್ನೇ.

ಈ ಬ್ಯಾಂಕುಗಳ ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಹೊಣೆಗಾರಿಕೆಯ ಪ್ರಶ್ನೆ ಕಗ್ಗಂಟಾದದ್ದು ಅಲ್ಲಿಯೇ. ರೈತನು ಅಡಮಾನಪತ್ರವನ್ನು ಬರೆದುಕೊಡುತ್ತಿದ್ದುದು ತನ್ನ ತಾಲ್ಲೂಕಿನ ಪ್ರಾಥಮಿಕ ಬ್ಯಾಂಕಿಗೆ. ಆ ಬ್ಯಾಂಕು ಅದನ್ನು ಬೆಂಗಳೂರಿನ ಕೇಂದ್ರ ಬ್ಯಾಂಕಿಗೆ ವರ್ಗಾಯಿಸುತ್ತಿತ್ತು. ಕೇಂದ್ರ ಬ್ಯಾಂಕು ಇಂಥ ಅಡಮಾನಗಳ ಒಟ್ಟು ಭದ್ರತೆಯ ಮೇಲೆ ಡಿಬೆಂಚರುಗಳನ್ನು, ಅಂದರೆ ನಿಗದಿತ ಬಡ್ಡಿಯ ದೀರ್ಘಾವಧಿ ಸಾಲಪತ್ರಗಳನ್ನು, ಸರ್ಕಾರದ ಖಾತರಿಯೊಂದಿಗೆ ಮಾರಿ ಹಣ ಎತ್ತುತ್ತಿತ್ತು. ಡಿಬೆಂಚರು ಕೊಂಡವರ ಹಿತ ಕಾಯಲು ಸಹಕಾರ ಸಂಘಗಳ ರಿಜಿಸ್ಟ್ರಾರರು ಧರ್ಮದರ್ಶಿಯ ಸ್ಥಾನದಲ್ಲಿರುತ್ತಿದ್ದರು. ಹೀಗೆ ನೊಣವಿನಕೆರೆಯ ಅಥವಾ ಹುಳಿಯಾರಿನ ಒಂದು ತೋಟದ ಪತ್ರದ ಹಿಂದೆ ಆ ತೋಟವನ್ನು ಎಂದೂ ಕಾಣದ ಹೂಡಿಕೆದಾರರ ಹಕ್ಕು ನಿಂತಿತ್ತು. ಅವರ ಹಣ ಸುರಕ್ಷಿತವಾಗಿರಬೇಕಾದ್ದರಿಂದ ಕಾನೂನು ಈ ಬ್ಯಾಂಕುಗಳಿಗೆ ಅಸಾಧಾರಣ ಅಧಿಕಾರವೊಂದನ್ನು ಕೊಟ್ಟಿತು: ಕಂತು ತಪ್ಪಿದರೆ, ನೋಟಿಸು ನೀಡಿದ ಬಳಿಕ, ನ್ಯಾಯಾಲಯದ ಮಧ್ಯಪ್ರವೇಶವಿಲ್ಲದೆಯೇ ಅಡಮಾನದ ಜಮೀನನ್ನು ಮಾರಾಟಕ್ಕಿಡುವ ಅಧಿಕಾರ. 1928ರ ಕಾನೂನು ಸಾಹುಕಾರನನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿದರೆ, ಒಂದೇ ವರ್ಷದ ನಂತರದ ವ್ಯವಸ್ಥೆ ಬ್ಯಾಂಕನ್ನು ನ್ಯಾಯಾಲಯದ ಹೊಸ್ತಿಲಿನಿಂದ ಆಚೆ ಇರಿಸಿತು. ಬ್ಯಾಂಕಿನ ಬಡ್ಡಿ ಸಾಹುಕಾರನ ಬಡ್ಡಿಗಿಂತ ಕಡಿಮೆಯಿತ್ತೆಂಬುದೂ, ಈ ಬ್ಯಾಂಕುಗಳ ಆರಂಭದ ಸಾಲಗಳಲ್ಲಿ ದೊಡ್ಡ ಪಾಲು ಹಳೆಯ ಸಾಲಗಳನ್ನು ತೀರಿಸಿ ಜಮೀನು ಬಿಡಿಸಿಕೊಳ್ಳುವುದಕ್ಕೇ ಹೋಯಿತೆಂಬುದೂ ನಿಜ, ಮತ್ತು ಅದು ಸಣ್ಣ ಉಪಕಾರವೇನಲ್ಲ. ಆದರೆ ಸಂಸ್ಥೆಯೊಂದು ತಪ್ಪು ಲೆಕ್ಕ ಬರೆಯಲಾರದೆಂಬ ಊಹೆಯನ್ನು ಕಾನೂನಿನ ತಳಪಾಯವಾಗಿಸಿದ್ದು ಮುಂದಿನ ಅರವತ್ತು ವರ್ಷಗಳ ಬಿಕ್ಕಟ್ಟಿಗೆ ಕಾರಣವಾಯಿತೆಂದೇ ಹೇಳಬೇಕಾಗುತ್ತದೆ.

1930ರ ದಶಕದ ವಿಶ್ವವ್ಯಾಪಿ ಆರ್ಥಿಕ ಕುಸಿತದಲ್ಲಿ ಕೃಷಿ ಉತ್ಪನ್ನಗಳ ಬೆಲೆ ನೆಲಕಚ್ಚಿ, ಸಾಲದ ಹೊರೆ ಮಾತ್ರ ಹಾಗೆಯೇ ಉಳಿದಾಗ, ಮೈಸೂರು ಸರ್ಕಾರ 1937ರಲ್ಲಿ ಸಾಲ ರಾಜಿ ಕಾಯಿದೆಯನ್ನೂ 1939ರಲ್ಲಿ ಲೇವಾದೇವಿದಾರರ ಕಾಯಿದೆಯನ್ನೂ ತಂದಿತು. ಇವೆರಡರ ಮುಖ್ಯ ಗುರಿಯೂ ಖಾಸಗಿ ಸಾಲವೇ. ಬ್ಯಾಂಕುಗಳ ಮೇಲಿನ ನಿಗಾ ಬೇರೊಂದು ದಾರಿ ಹಿಡಿದಿತ್ತು. 1935ರಲ್ಲಿ ಕೆಲಸ ಆರಂಭಿಸಿದ ಭಾರತೀಯ ರಿಸರ್ವ್ ಬ್ಯಾಂಕು ಬ್ರಿಟಿಷ್ ಇಂಡಿಯಾದ ಕಾನೂನಿನ ಕೂಸು. ಸಂಸ್ಥಾನದ ನೆಲದಲ್ಲಿ 1913ರಿಂದ ನಡೆಯುತ್ತಿದ್ದ ಮೈಸೂರು ಬ್ಯಾಂಕು ಸಂಸ್ಥಾನದ ಆಶ್ರಯದ್ದು. ಸಂವಿಧಾನ ಜಾರಿಗೆ ಬಂದ ಮೇಲೆ 1949ರ ಬ್ಯಾಂಕಿಂಗ್ ಕಾಯಿದೆ ಮೈಸೂರಿಗೂ ಅನ್ವಯವಾಗಿ, ಬ್ಯಾಂಕುಗಳನ್ನು ಆಳುವ ಅಧಿಕಾರ ಮುಂಬಯಿಯ ರಿಸರ್ವ್ ಬ್ಯಾಂಕಿಗೆ ಹೋಯಿತು. 1966ರ ಮಾರ್ಚ್ 1ರಿಂದ ಸಹಕಾರಿ ಬ್ಯಾಂಕುಗಳೂ ಆ ಕಾಯಿದೆಯ ಕೆಳಗೆ ಬಂದಾಗ ಸಹಕಾರಿ ಭೂ ಅಡಮಾನ ಬ್ಯಾಂಕುಗಳನ್ನು ಹೊರಗಿಡಲಾಯಿತು. ರೈತನ ಜಮೀನಿನ ಪತ್ರಗಳನ್ನು ಅತಿ ಹೆಚ್ಚು ಕಾಲ ಇಟ್ಟುಕೊಳ್ಳುವ ಬ್ಯಾಂಕೇ ಬ್ಯಾಂಕಿಂಗ್ ಕಾಯಿದೆಯ ಪರಿಧಿಯಿಂದ ಆಚೆ ಉಳಿದದ್ದು ಹೀಗೆ.

ಅದೇ ದಶಕದಲ್ಲಿ ಸಾಲದ ಸ್ವರೂಪವೂ ಬದಲಾಯಿತು. ಹಳೆಯ ಅಡಮಾನ ಬಿಡಿಸುವ ಸಾಲದ ಬದಲಿಗೆ ಬಾವಿ, ಪಂಪ್‌ಸೆಟ್ಟು, ತೋಟದ ಅಭಿವೃದ್ಧಿಗಳ ಸಾಲ ಮುಂದೆ ಬಂದು, ಭೂ ಅಡಮಾನ ಬ್ಯಾಂಕುಗಳು ಭೂ ಅಭಿವೃದ್ಧಿ ಬ್ಯಾಂಕುಗಳೆಂಬ ಹೆಸರು ಪಡೆದವು. 1963ರಲ್ಲಿ ಹುಟ್ಟಿದ ಕೃಷಿ ಪುನರ್ಧನ ನಿಗಮವು ಇವುಗಳಿಗೆ ಹಣ ಒದಗಿಸತೊಡಗಿತು. 1970ರ ದಶಕದ ಆರಂಭದಲ್ಲಿ ವಿಶ್ವಬ್ಯಾಂಕಿನ ಅಂಗವಾದ ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಘದ ನೆರವೂ ಮೈಸೂರು ರಾಜ್ಯದ ಕೃಷಿ ಸಾಲ ಯೋಜನೆಗೆ ಸೇರಿತು. 1969ರ ರಾಷ್ಟ್ರೀಕರಣದ ಬಳಿಕ ವಾಣಿಜ್ಯ ಬ್ಯಾಂಕುಗಳ ಶಾಖೆಗಳು ತಾಲ್ಲೂಕು ಕೇಂದ್ರಗಳನ್ನು ದಾಟಿ ಹೋಬಳಿಗಳವರೆಗೆ ಬಂದವು. ಅವುಗಳ ವಸೂಲಿ ಸುಲಭವಾಗಲೆಂದು ತಲ್ವಾರ್ ಸಮಿತಿ ಸೂಚಿಸಿದ ಮಾದರಿಯಲ್ಲಿ ಕರ್ನಾಟಕವು ರೂಪಿಸಿದ 1974ರ ಕೃಷಿ ಸಾಲ ವ್ಯವಹಾರಗಳ ಕಾಯಿದೆಯು, ರೈತನು ಒಂದು ಘೋಷಣೆಗೆ ಸಹಿ ಹಾಕಿದರೆ ಸಾಕು, ಜಮೀನಿನ ಮೇಲೆ ಬ್ಯಾಂಕಿನ ಋಣಭಾರ ಉಂಟಾಗುವಂತೆ ಮಾಡಿತು. ಆ ಋಣ ಪಹಣಿಯ 11ನೇ ಕಾಲಂನಲ್ಲಿ, ಇತರೆ ಹಕ್ಕುಗಳು ಮತ್ತು ಋಣಗಳೆಂಬ ಶೀರ್ಷಿಕೆಯಡಿ, ನಮೂದಾಗುತ್ತದೆ. ಸಾಲ ಪಡೆಯುವ ದಾರಿ ಹೀಗೆ ಹಗುರಾಯಿತು. ಸಾಲ ಕೊಟ್ಟವನ ಲೆಕ್ಕವನ್ನು ಪ್ರಶ್ನಿಸುವ ದಾರಿ ಮಾತ್ರ ಹಗುರಾಗಲಿಲ್ಲ. 1976ರಲ್ಲಿ ದೇವರಾಜ ಅರಸು ಅವರ ಸರ್ಕಾರ ತಂದ ಋಣ ಪರಿಹಾರ ಕಾಯಿದೆ ಸಣ್ಣ ರೈತರ, ಭೂಹೀನ ಕೂಲಿಕಾರರ ಮತ್ತು ದುರ್ಬಲ ವರ್ಗದವರ ಖಾಸಗಿ ಸಾಲಗಳನ್ನು ಒಮ್ಮೆಗೇ ತೀರಿಹೋದವೆಂದು ಘೋಷಿಸಿ ಅಸಂಖ್ಯ ಮನೆಗಳನ್ನು ಉಳಿಸಿತಾದರೂ, ಬ್ಯಾಂಕು ಮತ್ತು ಸಹಕಾರ ಸಂಘಗಳ ಸಾಲ ಅದರ ವ್ಯಾಪ್ತಿಯಲ್ಲಿರಲಿಲ್ಲ.

ಆದ್ದರಿಂದ 1980ರ ದಶಕದ ರೈತ ಚಳವಳಿಯ ಸಿಟ್ಟು ಸಾಹುಕಾರನಿಗಿಂತ ಹೆಚ್ಚಾಗಿ ಸಂಸ್ಥೆಯ ಕಡೆಗೆ ತಿರುಗಿದ್ದು ಸಹಜವಾಗಿತ್ತು. ನರಗುಂದ ಮತ್ತು ನವಲಗುಂದಗಳ 1980ರ ಬಂಡಾಯದ ಬೆನ್ನಿಗೇ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮೊದಲಾದವರ ಮುಂದಾಳತ್ವದಲ್ಲಿ ಕಟ್ಟಿದ ಕರ್ನಾಟಕ ರಾಜ್ಯ ರೈತ ಸಂಘವು, ಬೆಲೆಯಲ್ಲಿ ನಡೆದ ಅನ್ಯಾಯವನ್ನು ಲೆಕ್ಕಕ್ಕೆ ಹಿಡಿದರೆ ಸರ್ಕಾರವೇ ರೈತನಿಗೆ ಬಾಕಿದಾರನೆಂದು ವಾದಿಸಿತು. ವಸೂಲಿಗೆ ಬರುವ ಅಧಿಕಾರಿಗಳು ಅನುಮತಿಯಿಲ್ಲದೆ ಊರೊಳಗೆ ಬರಕೂಡದೆಂಬ ಫಲಕಗಳು ಹಳ್ಳಿಗಳ ಬಾಗಿಲಲ್ಲಿ ಎದ್ದವು. ಜಪ್ತಿಯಾದ ಪಾತ್ರೆ, ಬಾಗಿಲು, ಪಂಪ್‌ಸೆಟ್ಟುಗಳನ್ನು ಗುಂಪಾಗಿ ಹೋಗಿ ಮರಳಿ ತರುವ ಮರುಜಪ್ತಿ ಎಂಬ ಕ್ರಮವೂ ಬಳಕೆಗೆ ಬಂತು. ಸಂಸತ್ತು ಅದೇ ಹೊತ್ತಿನಲ್ಲಿ ಇನ್ನೊಂದು ಬಾಗಿಲನ್ನು ಮುಚ್ಚಿತು. ಬ್ಯಾಂಕಿಂಗ್ ಕಾಯಿದೆಗೆ ಸೇರಿಸಿ 1984ರಲ್ಲಿ ಜಾರಿಗೆ ತಂದ 21ಎ ಪ್ರಕರಣವು, ಬಡ್ಡಿಯ ದರ ಅತಿಯಾಯಿತೆಂಬ ಕಾರಣಕ್ಕೆ ಬ್ಯಾಂಕು ಮತ್ತು ಸಾಲಗಾರರ ನಡುವಿನ ವ್ಯವಹಾರವನ್ನು ಯಾವ ನ್ಯಾಯಾಲಯವೂ ಮತ್ತೆ ತೆರೆಯಕೂಡದೆಂದು ವಿಧಿಸಿತು. 1879ರಲ್ಲಿ ದಖ್ಖನ್ನಿನ ರೈತನಿಗೂ 1928ರಲ್ಲಿ ಮೈಸೂರಿನ ರೈತನಿಗೂ ದೊರೆತ ಹಕ್ಕಿನ ತಿರುಳೇ ವ್ಯವಹಾರವನ್ನು ಮತ್ತೆ ತೆರೆಯಿಸುವುದಾಗಿತ್ತು ಎಂಬುದನ್ನು ನೆನೆದರೆ ಈ ತಿದ್ದುಪಡಿಯ ತೂಕ ತಿಳಿಯುತ್ತದೆ.

ಮುಚ್ಚಿದ ಆ ಬಾಗಿಲಿನಲ್ಲಿ ಉಳಿದಿದ್ದ ಸಂದನ್ನು ಹುಡುಕಿದ್ದು ಕರ್ನಾಟಕದ ಪ್ರಕರಣಗಳೇ. ಬ್ಯಾಂಕುಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ, ಸೇರಿಸಿದ ಮೊತ್ತದ ಮೇಲೆ ಮತ್ತೆ ಬಡ್ಡಿ ಎಣಿಸುತ್ತಿದ್ದವು. ಹೀಗೆ ಸೇರಿಸುವ ಅವಧಿಯನ್ನು ಬ್ಯಾಂಕಿನವರು ರೆಸ್ಟ್ ಎನ್ನುತ್ತಾರೆ. ಶೇಕಡ 12ರ ದರದಲ್ಲಿ ಪಡೆದ 10,000 ರೂಪಾಯಿ ಹತ್ತು ವರ್ಷಗಳಲ್ಲಿ ಸರಳ ಬಡ್ಡಿಯಿಂದ 22,000 ಆಗುತ್ತದೆ, ವರ್ಷಕ್ಕೊಮ್ಮೆ ಸೇರಿಸಿದರೆ 31,000 ದಾಟುತ್ತದೆ, ಮೂರು ತಿಂಗಳಿಗೊಮ್ಮೆ ಸೇರಿಸಿದರೆ 32,600ನ್ನು ಮೀರುತ್ತದೆ. ಕೃಷಿ ಸಾಲದಲ್ಲಿ ಹೀಗೆ ಮಾಡಕೂಡದೆಂದು, ಕಂತಿನ ದಿನ ಇನ್ನೂ ಬಾರದ ಬಾಕಿಯ ಮೇಲೆ ಚಕ್ರಬಡ್ಡಿ ಹಾಕಬಾರದೆಂದು, ಕಂತುಗಳನ್ನು ರೈತನ ಕೈಗೆ ಬೆಳೆಯ ಹಣ ಬರುವ ಕಾಲಕ್ಕೆ ಹೊಂದಿಸಬೇಕೆಂದು ರಿಸರ್ವ್ ಬ್ಯಾಂಕು 1970ರ ದಶಕದಿಂದಲೇ ಸುತ್ತೋಲೆಗಳಲ್ಲಿ ಹೇಳುತ್ತ ಬಂದಿತ್ತು. ಆದರೆ ಮುಂಬಯಿಯ ಸುತ್ತೋಲೆ ಬ್ಯಾಂಕಿನ ಶಾಖೆಗೆ ತಲುಪುತ್ತಿತ್ತೇ ಹೊರತು ಸಾಲಗಾರನಿಗೆ ತಲುಪುತ್ತಿರಲಿಲ್ಲ. ಆತನ ಕೈಗೆ ಬರುತ್ತಿದ್ದುದು ಒಟ್ಟು ಮೊತ್ತದ ನೋಟಿಸು ಮಾತ್ರ.

1980ರ ದಶಕದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಕೃಷಿ ಸಾಲಗಳ ಮೇಲೆ ಮೂರು ಅಥವಾ ಆರು ತಿಂಗಳಿಗೊಮ್ಮೆ ಚಕ್ರಬಡ್ಡಿ ವಿಧಿಸುವ ಪದ್ಧತಿಯನ್ನು ಒಂದಕ್ಕಿಂತ ಹೆಚ್ಚು ತೀರ್ಪುಗಳಲ್ಲಿ ತಳ್ಳಿಹಾಕಿತು. ಅವುಗಳಲ್ಲೊಂದು, ಮಂಗಳೂರಿನಲ್ಲಿ ಪ್ರಧಾನ ಕಚೇರಿಯಿದ್ದ ಕಾರ್ಪೊರೇಷನ್ ಬ್ಯಾಂಕು ಮೇಲ್ಮನವಿದಾರನಾಗಿದ್ದ ಪ್ರಕರಣ, ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು 1994ರಲ್ಲಿ ತೀರ್ಮಾನವಾಯಿತು. ಬೆಳೆಯ ಮಾರಾಟವೊಂದರ ಹೊರತು ಬೇರೆ ನಿಯತ ಆದಾಯವಿಲ್ಲದ, ಅದೂ ವರ್ಷಕ್ಕೊಮ್ಮೆ ಮಾತ್ರ ಹಣ ಕಾಣುವ ಕೃಷಿಕನ ಸಾಲದಲ್ಲಿ ಬಡ್ಡಿಯನ್ನು ವರ್ಷಕ್ಕಿಂತ ಕಡಿಮೆ ಅವಧಿಗೆ ಅಸಲಿಗೆ ಸೇರಿಸುವಂತಿಲ್ಲವೆಂದು ನ್ಯಾಯಾಲಯ ಹೇಳಿತು. ಅದಕ್ಕಿಂತ ಮುಖ್ಯವಾದದ್ದು ಆ ತೀರ್ಪಿನ ಇನ್ನೊಂದು ಮಾತು: ಬಡ್ಡಿ ಹೆಚ್ಚಾಯಿತೆಂದು ನ್ಯಾಯಾಲಯಕ್ಕೆ ತಾನಾಗಿ ಅನ್ನಿಸಿದರೆ 21ಎ ಅಡ್ಡ ಬರುತ್ತದೆ, ಆದರೆ ರಿಸರ್ವ್ ಬ್ಯಾಂಕಿನ ನಿರ್ದೇಶನವನ್ನೇ ಮೀರಿ ಬಡ್ಡಿ ವಸೂಲಾಗಿದ್ದರೆ ಆ ಹೆಚ್ಚುವರಿಯಿಂದ ಸಾಲಗಾರನಿಗೆ ಪರಿಹಾರ ಕೊಡಲು ನ್ಯಾಯಾಲಯಕ್ಕೆ ಅಡ್ಡಿಯಿಲ್ಲ. ಬ್ಯಾಂಕನ್ನು ಆಳುವ ದೂರದ ಸಂಸ್ಥೆಯ ಸುತ್ತೋಲೆ, ಅಲ್ಲಿಯವರೆಗೆ ಬ್ಯಾಂಕಿನ ಕಪಾಟಿನಲ್ಲಿದ್ದದ್ದು, ಇದರಿಂದ ಸಾಲಗಾರನ ಆಯುಧವಾಯಿತು. ಉಂಡೆ ಕೊಬ್ಬರಿಯ ರೈತನಿಗೆ ಇದು ಹೇಳಿ ಮಾಡಿಸಿದಂಥ ತತ್ತ್ವ. ಅಟ್ಟದಲ್ಲಿ ಕಾಯಿ ಒಣಗುವ ಅವಧಿಯಲ್ಲಿ ಹಳೆಯ ಪದ್ಧತಿಯಂತೆ ಆತನ ಸಾಲ ಮೂರು ನಾಲ್ಕು ಬಾರಿ ಅಸಲಾಗಿ ಬೆಳೆಯುತ್ತಿತ್ತು. 2001ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಬ್ಯಾಂಕುಗಳು ಬಡ್ಡಿಯನ್ನು ಅಸಲಿಗೆ ಸೇರಿಸುವುದನ್ನು ತಾತ್ತ್ವಿಕವಾಗಿ ಒಪ್ಪಿದರೂ, ಕೃಷಿ ಸಾಲಗಳನ್ನು ಪ್ರತ್ಯೇಕ ಸ್ಥಾನದಲ್ಲಿಟ್ಟು, ಬೆಳೆಯ ಆವರ್ತನಕ್ಕೆ ತಕ್ಕಂತೆ ವರ್ಷಕ್ಕೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಹೊರತು ಹಾಗೆ ಸೇರಿಸಕೂಡದೆಂದಿತು. 2018ರಲ್ಲಿ ಅದೇ ನ್ಯಾಯಾಲಯ 21ಎ ಪ್ರಕರಣವನ್ನು ಎತ್ತಿಹಿಡಿಯಿತಾದರೂ, ಕೃಷಿಕರ ಋಣ ಪರಿಹಾರವು ಸಂವಿಧಾನದಲ್ಲಿ ರಾಜ್ಯಗಳಿಗೆ ಬಿಟ್ಟ ವಿಷಯವೆಂಬುದನ್ನೂ ಗಮನಿಸಿತು.

ತೀರ್ಪಿನ ತತ್ತ್ವ ತೋಟದವರೆಗೆ ಇಳಿಯುವಷ್ಟರಲ್ಲಿ ಬೇರೆ ಸಂಕಟಗಳು ಬಂದೊದಗಿದ್ದವು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಕೆಲವೇ ವರ್ಷಗಳಲ್ಲಿ ಕರ್ನಾಟಕದ ತೆಂಗಿನ ಸೀಮೆಗೂ ಹಬ್ಬಿ ಕಾಯಿಯ ಗಾತ್ರ ಮತ್ತು ಇಳುವರಿಗಳನ್ನು ಕುಗ್ಗಿಸಿತು. ಅದರ ಮೇಲೆ 2001ರಿಂದ ಸತತವಾಗಿ ಬರ ಬಿತ್ತು. 2002ರ ಸರ್ಫೇಸಿ ಕಾಯಿದೆಯು, ನ್ಯಾಯಾಲಯಕ್ಕೆ ಹೋಗದೆ ಅಡಮಾನದ ಆಸ್ತಿಯನ್ನು ವಶಪಡಿಸಿಕೊಂಡು ಮಾರುವ ಅಧಿಕಾರವನ್ನು, ಭೂ ಅಡಮಾನ ಬ್ಯಾಂಕುಗಳಿಗೆ ಏಳು ದಶಕಗಳ ಹಿಂದೆಯೇ ದೊರೆತಿದ್ದಂಥದನ್ನು, ವಾಣಿಜ್ಯ ಬ್ಯಾಂಕುಗಳಿಗೂ ಕೊಟ್ಟಿತು. ಕೃಷಿ ಜಮೀನಿಗೆ ಆ ಕಾಯಿದೆಯಲ್ಲಿ ವಿನಾಯಿತಿಯಿದೆ. ಆದರೆ ಪಹಣಿಯಲ್ಲಿ ಕೃಷಿ ಜಮೀನೆಂದು ಬರೆದಿರುವುದಷ್ಟೇ ಸಾಲದು, ಅಲ್ಲಿ ನಿಜವಾಗಿ ಕೃಷಿ ನಡೆಯುತ್ತಿರಬೇಕೆಂದು ಸರ್ವೋಚ್ಚ ನ್ಯಾಯಾಲಯ ನಂತರದ ತೀರ್ಪುಗಳಲ್ಲಿ ಸ್ಪಷ್ಟಪಡಿಸಿದೆ. ತೋಟಕ್ಕೆ ಈ ರಕ್ಷಣೆ ಸಿಗುತ್ತದೆ, ಪಟ್ಟಣದ ಮನೆಗೆ, ಕೊಬ್ಬರಿ ಗೋದಾಮಿಗೆ, ನಾರಿನ ಕಾರ್ಖಾನೆಗೆಂದು ಭೂಪರಿವರ್ತನೆಯಾದ ತುಂಡಿಗೆ ಸಿಗುವುದಿಲ್ಲ. 2008ರ ಕೇಂದ್ರ ಸಾಲಮನ್ನಾ ಯೋಜನೆಯ ಲೆಕ್ಕಪರಿಶೋಧನೆ ನಡೆಸಿದ ಮಹಾಲೇಖಪಾಲರು 2013ರ ವರದಿಯಲ್ಲಿ, ಪರಿಶೀಲಿಸಿದ ಖಾತೆಗಳ ಪೈಕಿ ಐದರಲ್ಲೊಂದಕ್ಕಿಂತ ಹೆಚ್ಚಿನವುಗಳಲ್ಲಿ ಲೋಪಗಳನ್ನು ಕಂಡರು: ಅರ್ಹರು ಬಿಟ್ಟುಹೋಗಿದ್ದರು, ಅನರ್ಹರು ಸೇರಿದ್ದರು, ಸಾಲ ಮನ್ನಾ ಆದವರಲ್ಲಿ ಬಹಳ ಮಂದಿಗೆ ಅದರ ಪ್ರಮಾಣಪತ್ರ ತಲುಪಿದ್ದಕ್ಕೆ ಪುರಾವೆಯೇ ಇರಲಿಲ್ಲ. ಸಂಸ್ಥೆಯ ಲೆಕ್ಕ ತಾನಾಗಿಯೇ ಸರಿಯಿರುತ್ತದೆಂಬ 1929ರ ಊಹೆಗೆ ಇದಕ್ಕಿಂತ ಅಧಿಕೃತವಾದ ಉತ್ತರ ಬೇಕಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಸಾಲ ಕೊಟ್ಟ ಬ್ಯಾಂಕುಗಳೇ ದೂರ ಸರಿದಿವೆ. ಮೈಸೂರು ಬ್ಯಾಂಕಿನ ಉತ್ತರಾಧಿಕಾರಿಯಾದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡು, ಎರಡರ ಪ್ರಧಾನ ಕಚೇರಿಯ ಅಧಿಕಾರವೂ ಮುಂಬಯಿಗೆ ಹೋಯಿತು. ಸಾಲ ತೀರಿದ ಬಳಿಕವೂ ಆಸ್ತಿಪತ್ರಗಳು ಸಿಗದೆ ಸಾಲಗಾರರು ಅಲೆಯುವುದನ್ನು ತಡೆಯಲು ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಸಾಲಗಳಿಗಾಗಿ ಹೊರಡಿಸಿದ ನಿರ್ದೇಶನವು ಅದೇ ವರ್ಷದ ಡಿಸೆಂಬರ್ 1ರಿಂದ ಜಾರಿಯಲ್ಲಿದೆ: ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲಪತ್ರಗಳನ್ನು ಹಿಂತಿರುಗಿಸಿ, ನೋಂದಾಯಿತ ಋಣಭಾರವನ್ನು ತೆಗೆಸಬೇಕು, ತನ್ನ ತಪ್ಪಿನಿಂದ ವಿಳಂಬವಾದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರನಿಗೆ ಪರಿಹಾರ ಕೊಡಬೇಕು. ಅಡಮಾನದ ಚರಿತ್ರೆಯಲ್ಲಿ ಬ್ಯಾಂಕಿನ ವಿಳಂಬಕ್ಕೆ ಬೆಲೆ ಕಟ್ಟಿದ ಇಂಥ ನಿಯಮ ಅಪರೂಪ, ಮತ್ತು ತಿಪಟೂರಿನ ವಾಣಿಜ್ಯ ಬ್ಯಾಂಕೊಂದರಲ್ಲಿ ಅಂಥ ವೈಯಕ್ತಿಕ ಸಾಲ ತೀರಿಸಿದ ರೈತ ಈಗ ಅದನ್ನು ಹೆಸರಿಸಿ ಕೇಳಬಹುದು. ಅದೇ ಬೀದಿಯ ಭೂ ಅಭಿವೃದ್ಧಿ ಬ್ಯಾಂಕಿಗೆ ತೋಟದ ಪತ್ರ ಬರೆದುಕೊಟ್ಟಿರುವ ರೈತನ ಸ್ಥಿತಿ ಬೇರೆ. ಅಂಥ ಬ್ಯಾಂಕುಗಳನ್ನು 1966ರಲ್ಲಿಯೇ ಬ್ಯಾಂಕಿಂಗ್ ಕಾಯಿದೆಯ ಹೊರಗಿಡಲಾಗಿತ್ತು. ಲೆಕ್ಕ ತಪ್ಪಿದರೆ ಅವನು ದೂರು ಒಯ್ಯಬೇಕಾದದ್ದು ಸಹಕಾರ ಇಲಾಖೆಗೆ, 1929ರಲ್ಲಿ ಡಿಬೆಂಚರುದಾರರ ಹಿತ ಕಾಯಲು ನೇಮಕಗೊಂಡ ಅದೇ ರಿಜಿಸ್ಟ್ರಾರರ ಕಚೇರಿಗೆ.